ಹೆರಿಗೆಯ ನಂತರ ಹೊಟ್ಟೆಯ ಸ್ನಾಯುಗಳ ಅಗಲುವಿಕೆ: ಕಾಮಗಾರಿ ಹಾಗೂ ವ್ಯಾಯಾಮದಲ್ಲಿ ವಹಿಸಬೇಕಾದ ಎಚ್ಚರಿಕೆ

ತೊಗರಿ ರಾಶಿ ಮುಗಿದ ಮೇಲೆ ನಿಂಬರ್ಗಾ ಭಾಗದ ಗ್ರಾಮಗಳಲ್ಲಿ ಬದು ನಿರ್ಮಾಣ, ಹೂಳೆತ್ತುವಿಕೆ ಮೊದಲಾದ ಕೆಲಸಗಳಿಗೆ ಬೇಡಿಕೆ ಬರುತ್ತದೆ. ಬೇಡಿಕೆ ಸಲ್ಲಿಸುವವರಲ್ಲಿ ಎಳೆಗೂಸಿನ ತಾಯಂದಿರೂ ಇರಬಹುದು. ಅವರಲ್ಲಿ ಕೆಲವರ ದೇಹಸ್ಥಿತಿಯು ಮಣ್ಣಿನ ಬುಟ್ಟಿ ಎತ್ತಲು ಇನ್ನೂ ಸಿದ್ಧವಾಗಿರುವುದಿಲ್ಲ ಎಂಬುದನ್ನು ಸದಸ್ಯರು ಅರಿತಿರಬೇಕು.

ಸ್ಥಿತಿಯ ಸ್ವರೂಪ

ಹೊಟ್ಟೆಯ ಮುಂಭಾಗದಲ್ಲಿ ಎರಡು ಉದ್ದನೆಯ ಸ್ನಾಯುಗಳಿದ್ದು, ನಡುವಿನ ನಾರಿನ ಪಟ್ಟಿಯೊಂದು ಅವುಗಳನ್ನು ಜೋಡಿಸಿರುತ್ತದೆ. ಗರ್ಭ ಬೆಳೆದಂತೆ ಈ ಪಟ್ಟಿ ಹಿಗ್ಗಿ, ಸ್ನಾಯುಗಳು ಪರಸ್ಪರ ದೂರ ಸರಿಯುತ್ತವೆ. ವೈದ್ಯರು ಇದನ್ನು ಡಯಾಸ್ಟಾಸಿಸ್ ರೆಕ್ಟೈ ಎನ್ನುತ್ತಾರೆ. ಸಾಮಾನ್ಯವಾಗಿ 2 ಸೆಂ.ಮೀ.ಗಿಂತ, ಅಂದರೆ ಸುಮಾರು ಎರಡು ಬೆರಳಿಗಿಂತ, ಹೆಚ್ಚಿನ ಅಂತರವನ್ನು ಗಮನಾರ್ಹವೆಂದು ಪರಿಗಣಿಸಲಾಗುತ್ತದೆ. ಹಲವರಲ್ಲಿ ಹೆರಿಗೆಯ ನಂತರದ ಮೊದಲ 8 ವಾರಗಳಲ್ಲಿ ಅಂತರ ತಾನಾಗಿಯೇ ಕಡಿಮೆಯಾಗುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಹೊಟ್ಟೆ ಉಬ್ಬಿರುವುದನ್ನು ಕೇವಲ ಬೊಜ್ಜೆಂದು ಭಾವಿಸಿ ಗೇಲಿ ಮಾಡುವುದು ತಪ್ಪು.

ತೊಡಕಾಗುವ ಚಟುವಟಿಕೆಗಳು

ಉಸಿರು ಬಿಗಿಹಿಡಿದು ಭಾರ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ, ಸಡಿಲಗೊಂಡ ಪಟ್ಟಿಯ ಮೇಲೆ ಬೀಳುತ್ತದೆ. ಆದ್ದರಿಂದ ಆರಂಭದ ವಾರಗಳಲ್ಲಿ ತುಂಬಿದ ಬುಟ್ಟಿ, ನೀರಿನ ಕೊಡ, ಕಾಳಿನ ಚೀಲ ಎತ್ತಬಾರದು. ಮಲಗಿದಲ್ಲಿಂದ ನೇರವಾಗಿ ಏಳುವ ಕಸರತ್ತು, ಎರಡೂ ಕಾಲುಗಳನ್ನು ಒಟ್ಟಿಗೆ ಎತ್ತುವುದು, ನೌಕಾಸನ ಇವುಗಳನ್ನೂ ಮುಂದೂಡಬೇಕು. ಜೂನ್ 21ರ ಯೋಗ ದಿನಾಚರಣೆಯಲ್ಲಿಯೂ ಬಾಣಂತಿಯರನ್ನು ಇಂತಹ ಆಸನಗಳಿಗೆ ಒತ್ತಾಯಿಸತಕ್ಕದ್ದಲ್ಲ. ಯಾವುದೇ ಚಟುವಟಿಕೆಯಲ್ಲಿ ಹೊಟ್ಟೆಯ ನಡುಭಾಗ ದಿಂಡಿನಂತೆ ಉಬ್ಬಿದರೆ ಅದನ್ನು ಕೂಡಲೇ ನಿಲ್ಲಿಸಬೇಕು.

ಅನುಕೂಲವಾಗುವ ಚಟುವಟಿಕೆಗಳು

ಪೂರ್ಣ ನಿಷ್ಕ್ರಿಯತೆಯೂ ಪರಿಹಾರವಲ್ಲ. ನಿಧಾನ ನಡಿಗೆ, ಉಸಿರು ಬಿಡುತ್ತಾ ಹೊಟ್ಟೆಯನ್ನು ಮೃದುವಾಗಿ ಒಳಗೆಳೆಯುವುದು ಸೂಕ್ತ. ಹಾಸಿಗೆಯಿಂದ ಏಳುವಾಗ ಪಕ್ಕಕ್ಕೆ ಹೊರಳಿ, ಕೈಯೂರಿ ಏಳಬೇಕು. ಹೊಟ್ಟೆಗೆ ಬಟ್ಟೆ ಕಟ್ಟುವ ರೂಢಿಯಿದ್ದಲ್ಲಿ ಅದು ಉಸಿರುಗಟ್ಟುವಷ್ಟು ಬಿಗಿಯಾಗಿರಬಾರದು. ಶಸ್ತ್ರಚಿಕಿತ್ಸೆಯ ಹೆರಿಗೆಯಾಗಿದ್ದಲ್ಲಿ ವೈದ್ಯರ ಸಲಹೆ ಪಡೆದೇ ವ್ಯಾಯಾಮ ಆರಂಭಿಸಬೇಕು.

ಗ್ರಾಮ ಪಂಚಾಯತಿ ಸದಸ್ಯರ ಹೊಣೆ

1. ಮಹಾತ್ಮ ಗಾಂಧಿ ನರೇಗಾ ಮಾರ್ಗಸೂಚಿಯು ಗರ್ಭಿಣಿಯರನ್ನೂ, ಹೆರಿಗೆಯಾಗಿ 10 ತಿಂಗಳವರೆಗಿನ ತಾಯಂದಿರನ್ನೂ ವಿಶೇಷ ವರ್ಗವೆಂದು ಗುರುತಿಸಿ, ಮನೆಯ ಸಮೀಪದ ಕಡಿಮೆ ಶ್ರಮದ ಕೆಲಸ ನೀಡುವಂತೆ ತಿಳಿಸಿತ್ತು. ನೀರು ಕೊಡುವುದು, ಸಸಿಗಳ ಆರೈಕೆ, ಮಕ್ಕಳನ್ನು ನೋಡಿಕೊಳ್ಳುವುದು ಇಂತಹ ಕೆಲಸಗಳಿಗೆ ಅವರನ್ನು ಪರಿಗಣಿಸಬೇಕು. ಬುಟ್ಟಿ ಎತ್ತಲಾರರೆಂಬ ಕಾರಣಕ್ಕೆ ಕೆಲಸವನ್ನೇ ನಿರಾಕರಿಸಿದರೆ, ಹೊಣೆ ನಿರ್ವಹಿಸಿದಂತಾಗದು.

2. ಕಾಯಕ ಬಂಧುಗಳಿಗೆ ಈ ವಿಷಯ ತಿಳಿಸಬೇಕು. ಎಲ್ಲರೆದುರು ಹೆಣ್ಣುಮಕ್ಕಳ ದೇಹಸ್ಥಿತಿಯ ವಿಚಾರಣೆ ಸಲ್ಲದು. ಆಶಾ ಕಾರ್ಯಕರ್ತೆಯರ ಮೂಲಕ ಮಾಹಿತಿ ಪಡೆಯುವುದು ಉಚಿತ.

3. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣ ಸಮಿತಿಯ ಸಭೆಯಲ್ಲಿ ಇದನ್ನು ಚರ್ಚಿಸಬೇಕು.

4. 8 ವಾರಗಳ ನಂತರವೂ ಅಂತರ ಉಳಿದಿದ್ದರೆ, ಸೊಂಟನೋವು ಅಥವಾ ಮೂತ್ರ ಸೋರಿಕೆ ಇದ್ದರೆ ಸಮೀಪದ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ಉಬ್ಬಿದ ಭಾಗ ಗಟ್ಟಿಯಾಗಿ ಒಳಸೇರದೆ, ತೀವ್ರ ನೋವು, ವಾಂತಿ ಕಂಡುಬಂದರೆ ಅದು ಹರ್ನಿಯಾದ ಅಪಾಯವಿರಬಹುದು. ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಒಂದು ದಿನದ ಕೂಲಿಗಾಗಿ ತಾಯಿಯೊಬ್ಬಳು ವರ್ಷಗಟ್ಟಲೆ ನೋವು ಅನುಭವಿಸುವಂತಾಗಬಾರದು. ಕೆಲಸ ಹಂಚುವ ಹಂತದಲ್ಲಿಯೇ ವಹಿಸುವ ಎಚ್ಚರದಿಂದ ಕೂಲಿಯೂ ದೊರೆಯುತ್ತದೆ, ಆರೋಗ್ಯವೂ ಉಳಿಯುತ್ತದೆ.