ವಿದ್ಯುತ್ ಕಡಿತದ ನಂತರ ತಾನಾಗಿ ಚಾಲನೆಗೊಳ್ಳುವ ಗಣಕಯಂತ್ರ: ಕಲಾ ಪ್ರದರ್ಶನಗಳಿಗೆ ಸಿದ್ಧತೆ

ಪ್ರದರ್ಶನಾಲಯ ಹಾಗೂ ವಸ್ತುಸಂಗ್ರಹಾಲಯಗಳಲ್ಲಿ ದೃಶ್ಯ, ಧ್ವನಿಗಳಿಂದ ಕೂಡಿದ ಕಲಾಕೃತಿಗಳನ್ನು ನಡೆಸುವ ಗಣಕಯಂತ್ರಗಳಿಗೆ ಪ್ರತ್ಯೇಕ ನಿರ್ವಾಹಕರು ಇರುವುದು ವಿರಳ. ಬೆಳಿಗ್ಗೆ ಬಾಗಿಲು ತೆರೆದು ಮುಖ್ಯ ಸ್ವಿಚ್ಚು ಹಾಕುವ ಕಾವಲುಗಾರರೇ ಅವುಗಳ ಪಾಲಕರು. ನಡುಹಗಲಿನಲ್ಲಿ ಕರೆಂಟು ಹೋಗಿ ಬಂದರೆ ದೀಪ, ಫ್ಯಾನುಗಳು ತಾವಾಗಿ ಚಾಲನೆಗೊಳ್ಳುತ್ತವೆ. ಗಣಕಯಂತ್ರ ಮಾತ್ರ ಕಪ್ಪು ಪರದೆಯಾಗಿ ಉಳಿಯುತ್ತದೆ. ದೂರದಿಂದ ಬಂದ ಶಾಲಾ ಮಕ್ಕಳು ಏನನ್ನೂ ನೋಡದೆ ಹಿಂದಿರುಗುವುದು ಇಂತಹ ದಿನಗಳಲ್ಲಿಯೇ.

ಮೇಜಿನ ಗಣಕಯಂತ್ರಗಳ ಬಯಾಸ್ ವ್ಯವಸ್ಥೆಯಲ್ಲಿ ವಿದ್ಯುತ್ ಮರಳಿದಾಗ ಯಂತ್ರ ಏನು ಮಾಡಬೇಕೆಂಬ ಆಯ್ಕೆ ಸಾಮಾನ್ಯವಾಗಿ ಇರುತ್ತದೆ: ಆಫ್ ಆಗಿರುವುದು, ಹಿಂದಿನ ಸ್ಥಿತಿಗೆ ಮರಳುವುದು, ಆನ್ ಆಗುವುದು. ಕಡೆಯದನ್ನೇ ಆರಿಸತಕ್ಕದ್ದು. ಯುಪಿಎಸ್ ಸೂಚನೆಯಂತೆ ಯಂತ್ರವು ಕ್ರಮಬದ್ಧವಾಗಿ ಸ್ಥಗಿತಗೊಂಡಿದ್ದರೆ, ಅದರ ಹಿಂದಿನ ಸ್ಥಿತಿಯೆಂದರೆ ಆಫ್ ಎಂದೇ ಅರ್ಥ. ಇಲ್ಲಿ ಅನೇಕರು ಗಮನಿಸದ ತೊಡಕೊಂದಿದೆ. ಯಂತ್ರ ಸ್ಥಗಿತಗೊಂಡ ಮೇಲೂ ಯುಪಿಎಸ್ ವಿದ್ಯುತ್ ಕೊಡುತ್ತಲೇ ಇದ್ದು, ಅಷ್ಟರಲ್ಲಿ ಕರೆಂಟು ಬಂದರೆ, ಯಂತ್ರದ ಪಾಲಿಗೆ ಕಡಿತವೇ ಆಗಿರುವುದಿಲ್ಲ. ಅದು ಏಳುವುದೂ ಇಲ್ಲ. ಆದ್ದರಿಂದ ಸ್ಥಗಿತಗೊಳಿಸಿದ ಬಳಿಕ ತನ್ನ ಹೊರಹರಿವನ್ನು ಕಡಿದು, ಕರೆಂಟು ಬಂದಾಗ ಮತ್ತೆ ಕೊಡುವಂತೆ ಯುಪಿಎಸ್ಸನ್ನು ಹೊಂದಿಸಬೇಕು. ಮದರ್‌ಬೋರ್ಡಿನ ನಾಣ್ಯದಾಕಾರದ ಸೆಲ್ ಸತ್ತಿದ್ದರೆ ಬಯಾಸ್ ಆಯ್ಕೆಯೇ ಅಳಿಸಿಹೋಗಬಹುದು. ಅಗ್ಗದ ಈ ಸೆಲ್ಲನ್ನು ಮೊದಲೇ ಬದಲಿಸುವುದು ಲೇಸು.

ರಾಸ್ಪ್‌ಬೆರಿ ಪೈ ಮುಂತಾದ ಪುಟ್ಟ ಗಣಕಗಳು ವಿದ್ಯುತ್ ತಗುಲಿದೊಡನೆ ಏಳುತ್ತವೆ. ಅವುಗಳ ಶತ್ರು ಬೇರೆ. ಮೆಮೊರಿ ಕಾರ್ಡಿನ ಮೇಲೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತವ್ಯವಸ್ಥೆ ಕೆಡುತ್ತದೆ. ಕಾರ್ಡನ್ನು ಓದಲು ಮಾತ್ರ ಬಳಸಿ, ಬದಲಾವಣೆಗಳನ್ನು ತಾತ್ಕಾಲಿಕ ಸ್ಮೃತಿಯಲ್ಲಿಡುವ ಓವರ್‌ಲೇ ವಿಧಾನ ಇದಕ್ಕೆ ಪರಿಹಾರ. ಆಗ ಸಂದರ್ಶಕರ ಎಣಿಕೆಯಂತಹ ಮಾಹಿತಿಯೂ ಪ್ರತಿ ಕಡಿತದಲ್ಲಿ ಅಳಿಯುವುದರಿಂದ ಅದಕ್ಕೆ ಪ್ರತ್ಯೇಕ ಪೆನ್‌ಡ್ರೈವ್ ಬೇಕು.

ಯಂತ್ರ ಎದ್ದರಷ್ಟೇ ಸಾಲದು. ಪಾಸ್‌ವರ್ಡ್ ಕೇಳದೆ ಒಳಹೋಗಿ ಕಲಾಕೃತಿಯ ತಂತ್ರಾಂಶವನ್ನು ತಾನೇ ಆರಂಭಿಸಬೇಕು; ತಂತ್ರಾಂಶ ನಿಂತರೆ ಮತ್ತೆ ಆರಂಭಿಸಬೇಕು. ಪ್ರೊಜೆಕ್ಟರಿಗೂ ನೇರ ಚಾಲನೆಯ ಆಯ್ಕೆ ಇದೆಯೇ ಎಂದು ಖರೀದಿಗೆ ಮುನ್ನವೇ ವಿಚಾರಿಸಬೇಕು.

ಪ್ರದರ್ಶನ ತೆರೆಯುವ ಮುನ್ನ, ಕೀಬೋರ್ಡು, ಮೌಸುಗಳನ್ನು ತೆಗೆದಿಟ್ಟು, ಮುಖ್ಯ ಸ್ವಿಚ್ಚನ್ನು ಕನಿಷ್ಠ 10 ಬಾರಿ ಆರಿಸಿ ಹಾಕಿ ಪರೀಕ್ಷಿಸತಕ್ಕದ್ದು. ಯಂತ್ರ ಅರ್ಧ ಎದ್ದಿರುವಾಗಲೇ ಆರಿಸುವುದೂ ಇದರಲ್ಲಿ ಸೇರಿರಲಿ. ಕರೆಂಟು ಬಂದ ಮರುಕ್ಷಣವೇ ಮತ್ತೆ ಹೋಗುವುದುಂಟು.