ಮೆಷಿನ್ ಕೆಟ್ಟಿತು ಎನ್ನುವ ಮೊದಲು

ನಮ್ಮ ಮನೆಗೆ ಬಟ್ಟೆ ಒಗೆಯುವ ಮೆಷಿನ್ ಬಂದದ್ದು 2016ರ ಮಳೆಗಾಲಕ್ಕೆ ಸ್ವಲ್ಪ ಮುಂಚೆ. ಅಮ್ಮನಿಗೆ ಸೊಂಟನೋವು. ಮನೆಯಾಕೆಗೆ ಹಟ್ಟಿ, ಅಡುಗೆ, ಅಡಿಕೆ ಸುಲಿಯುವುದು ಎಲ್ಲದರ ನಡುವೆ ಒಗೆಯುವ ಕಲ್ಲಿನ ಕೆಲಸವೂ. ಜೂನ್-ಜುಲೈಯಲ್ಲಿ ಕೈಯಲ್ಲಿ ಹಿಂಡಿದ ಬಟ್ಟೆ ನಾಲ್ಕು ದಿನವಾದರೂ ಒಣಗದು. ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ, ಹೊಗೆ ವಾಸನೆಯ ಅಂಗಿ ತೊಟ್ಟೇ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಫ್ರಂಟ್ ಲೋಡ್, ಅಂದರೆ ಎದುರಿನಿಂದ ಬಾಗಿಲು ತೆರೆಯುವ ಜಾತಿಯದ್ದಕ್ಕೆ ನೀರು ಕಡಿಮೆ ಸಾಕು, ಹಿಂಡುವುದೂ ಚೆನ್ನಾಗಿ ಎಂದು ಅದನ್ನೇ ಆರಿಸಿದೆವು.

ಮೂರನೆಯ ಬೇಸಗೆಯಲ್ಲಿ ನನಗೊಂದು ಬುದ್ಧಿ ಬಂತು. ಒಗೆದ ನೀರು ಸುಮ್ಮನೆ ಚರಂಡಿಗೆ ಹೋಗುತ್ತಿದೆ, ಹಿತ್ತಿಲ ಬಾಳೆಗೆ ಬಿಡಬಾರದೇಕೆ? ಹೊರಬಿಡುವ ಪೈಪನ್ನು ಮೆಷಿನಿನ ಹಿಂಬದಿಯ ಕೊಂಡಿಯಿಂದ ಬಿಡಿಸಿ, ನೆಲದಲ್ಲೇ ಮಲಗಿಸಿ, ಗೋಡೆಯ ತೂತಿನಿಂದ ಬಾಳೆಯ ಬುಡಕ್ಕೆ ಇಟ್ಟೆ. ಮರುದಿನದಿಂದ ತೊಂದರೆ ಶುರು. ಮೆಷಿನ್ ನೀರು ಎಳೆಯುತ್ತಲೇ ಇರುತ್ತದೆ, ಒಗೆಯುವುದೇ ಇಲ್ಲ. ಕೊನೆಗೆ ನೀರು ಸಾಲದೆಂದು ಸೂಚನೆ ಕೊಟ್ಟು ನಿಲ್ಲುತ್ತದೆ. ಪೇಟೆಯಿಂದ ಬಂದ ಮೆಕ್ಯಾನಿಕ್ ಎರಡು ಸಲ ಓಡಿಸಿ ನೋಡಿ, "ಬೋರ್ಡ್ ಹೋಗಿದೆ ಮಾರಾಯ್ರೆ, ಏಳು ಸಾವಿರ ಆದೀತು" ಎಂದ. ಏಳು ಸಾವಿರವೆಂದರೆ ನಮ್ಮಂಥವರಿಗೆ ಗೊಬ್ಬರದ ಲೆಕ್ಕ. ವಾರ ಬಿಟ್ಟು ಹೇಳುತ್ತೇನೆಂದು ಕಳಿಸಿದೆ. ಅಮ್ಮ ಮಾತಾಡದೆ ಪುನಃ ಕಲ್ಲಿನ ಹತ್ತಿರ ಹೋದರು.

ಅಂದು ರಾತ್ರಿ ಮೆಷಿನ್ ಚಾಲೂ ಮಾಡಿ ಟಾರ್ಚ್ ಹಿಡಿದು ಹಿತ್ತಿಲಿಗೆ ಹೋದೆ. ಬಾಳೆಯ ಬುಡದಲ್ಲಿ ಪೈಪಿನಿಂದ ನೀರು ಜುಳುಜುಳು ಹರಿಯುತ್ತಿದೆ! ಪೈಪಿನ ತುದಿಯನ್ನು ಕೈಯಲ್ಲಿ ಸೊಂಟದೆತ್ತರಕ್ಕೆ ಎತ್ತಿ ಹಿಡಿದೆ. ನಿಂತಿತು. ಗುಡ್ಡದ ಟಾಂಕಿಯಿಂದ ಸೈಫನ್ ಮಾಡಿ ತೋಟಕ್ಕೆ ನೀರು ಬಿಡುವವನು ನಾನು, ನನಗೇ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಸಂಗತಿ ಇಷ್ಟೇ. ಈ ಮೆಷಿನಿನಲ್ಲಿ ನೀರು ಹೊರಗೆ ಹೋಗುವ ದಾರಿಗೆ ವಾಲ್ವ್ ಇಲ್ಲ. ಒಂದು ಸಣ್ಣ ಪಂಪು ಮಾತ್ರ. ಪಂಪು ನಿಂತಿರುವಾಗ ಅದರೊಳಗಿನ ದಾರಿ ತೆರೆದೇ ಇರುತ್ತದೆ. ಒಳಗಿನ ನೀರನ್ನು ತಡೆದಿಡುವುದು ಪೈಪಿನ ಎತ್ತರವೇ. ಅದನ್ನು ನೆಲಕ್ಕೆ ಇಳಿಸಿದರೆ ತುಂಬಿದಷ್ಟೂ ನೀರು ತನ್ನಷ್ಟಕ್ಕೆ ಇಳಿದು ಹೋಗುತ್ತದೆ. ನಮ್ಮ ಮೆಷಿನಿನ ಪುಸ್ತಕದಲ್ಲಿ ಪೈಪು ನೆಲದಿಂದ 60ರಿಂದ 100 ಸೆಂ.ಮೀ. ಎತ್ತರದಲ್ಲಿರಬೇಕೆಂದು ಚಿತ್ರ ಸಮೇತ ಕೊಟ್ಟಿದ್ದಾರೆ. ಪುಸ್ತಕ ಕಪಾಟಿನಲ್ಲಿತ್ತು!

ಬಾಳೆಗೆ ನೀರು ಬಿಡುವುದನ್ನು ನಿಲ್ಲಿಸಿಲ್ಲ. ಎರಡು ಇಂಚಿನ ಪಿವಿಸಿ ಪೈಪನ್ನು ಗೋಡೆಗೆ ಸೇರಿಸಿ 75 ಸೆಂ.ಮೀ. ಎತ್ತರ ನಿಲ್ಲಿಸಿ, ಮೆಷಿನಿನ ಪೈಪನ್ನು ಅದರ ಬಾಯಿಗೆ ಸಡಿಲವಾಗಿ ಇಳಿಬಿಟ್ಟೆ. ಸುತ್ತ ಗಾಳಿಯಾಡುವಷ್ಟು ಜಾಗ ಇರಲೇಬೇಕು, ಬಟ್ಟೆ ತುರುಕಿ ಮುಚ್ಚಬಾರದು. ಮುಚ್ಚಿದರೆ ಪುನಃ ಸೈಫನ್ ಆದೀತು. ಅಲ್ಲಿಂದ ಮುಂದೆ ಇಳಿಜಾರಿನಲ್ಲಿ ಬಾಳೆಯ ಸಾಲಿಗೆ. ಸಾಬೂನು ನೀರು ಒಂದೇ ಬುಡಕ್ಕೆ ದಿನಾ ಬೀಳದ ಹಾಗೆ ಜಾಗ ಬದಲಿಸುತ್ತಿರುತ್ತೇನೆ.

ಕಿಸೆಯಲ್ಲಿ ಏನಿದೆ?

ನೀರು ಹೊರಗೆ ಹೋಗದೆ ನಿಂತರೆ, ಅಥವಾ ಹಿಂಡದೆ ಬಟ್ಟೆ ತೊಟ್ಟಿಕ್ಕುತ್ತಿದ್ದರೆ, ಮೊದಲು ನೋಡಬೇಕಾದ್ದು ಕೆಳಗಡೆ ಬಲಮೂಲೆಯ ಪುಟ್ಟ ಮುಚ್ಚಳದ ಹಿಂದಿರುವ ಪಂಪಿನ ಫಿಲ್ಟರ್. ಕೆಲವು ಮೆಷಿನುಗಳಲ್ಲಿ ಎಡಗಡೆ ಇದ್ದೀತು. ಪ್ಲಗ್ ಕಿತ್ತು, ನಳ್ಳಿ ಮುಚ್ಚಿ ಆಮೇಲೆ ಕೈಹಾಕಿ. ಬಿಸಿನೀರಿನಲ್ಲಿ ಒಗೆದದ್ದಾದರೆ ತಣಿಯುವವರೆಗೆ ಕಾಯಬೇಕು. ಫಿಲ್ಟರ್ ನೆಲಕ್ಕೆ ತಾಗುವಂತಿರುವುದರಿಂದ ಬಾಲ್ದಿ ಅಡಿಗೆ ಹೋಗುವುದಿಲ್ಲ. ನಾನು ಅಡಿಕೆ ಹಾಳೆಯೊಂದನ್ನು ಅಡಿಗೆ ತೂರಿಸುತ್ತೇನೆ, ಅದಕ್ಕಿಂತ ಒಳ್ಳೆಯ ತಟ್ಟೆ ಸಿಗಲಿಕ್ಕಿಲ್ಲ. ಪಕ್ಕದಲ್ಲಿ ಸಣ್ಣ ರಬ್ಬರ್ ನಳಿಗೆ ಇದ್ದರೆ ಅದರ ಬೆಣೆ ತೆಗೆದು ಮೊದಲು ನೀರು ಖಾಲಿಮಾಡಿ, ನಂತರ ಫಿಲ್ಟರನ್ನು ನಿಧಾನವಾಗಿ ತಿರುಗಿಸಿ.

ನಮ್ಮದರಲ್ಲಿ ಈವರೆಗೆ ಸಿಕ್ಕಿದ್ದು: ಒಂದು ರೂಪಾಯಿಯ ನಾಣ್ಯಗಳು, ಡ್ರಿಪ್ಪರ್ ಎರಡು, ಮೈಕ್ರೋಟ್ಯೂಬಿನ ತುಂಡು, ಅಡಿಕೆ ಹೋಳು, ಸ್ಪ್ರೇಯರಿನ ವಾಷರ್. ಎಲ್ಲ ನನ್ನ ಕಿಸೆಯದ್ದೇ. ಫಿಲ್ಟರ್ ತೆಗೆದ ಮೇಲೆ ಟಾರ್ಚ್ ಬಿಟ್ಟು ಒಳಗೆ ನೋಡಿ, ಪಂಪಿನ ಪುಟ್ಟ ರೆಕ್ಕೆಯನ್ನು ಕಡ್ಡಿಯಿಂದ ತಿರುಗಿಸಿ. ತಡೆತಡೆದು ಝಟಕ್ ಝಟಕ್ಕೆಂದು ತಿರುಗಿದರೆ ಕೆಟ್ಟಿದೆಯೆಂದು ತಿಳಿಯಬೇಡಿ. ಒಳಗೆ ಅಯಸ್ಕಾಂತವಿರುವುದರಿಂದ ಅದು ಹಾಗೆಯೇ. ನೂಲು, ಕೂದಲು ಸುತ್ತಿಕೊಂಡಿದ್ದರೆ ತೆಗೆಯಿರಿ.

ನೀರು ಬರುವ ಕಡೆಯೂ ಒಂದು ಜಾಲರಿ ಇದೆ. ಹಿಂದಿನ ಪೈಪು ಬಿಚ್ಚಿದರೆ ಬೆರಳುಗುರಿನಷ್ಟು ಅಗಲದ್ದು ಕಾಣುತ್ತದೆ. ಟಾಂಕಿಯ ಕೆಸರು ಕಟ್ಟಿಕೊಂಡರೆ ನೀರು ಸೂಜಿಯಷ್ಟು ಬರುತ್ತದೆ. ಇಕ್ಕುಳದಿಂದ ಹಿಡಿದೆಳೆದು ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಉಜ್ಜಿದರೆ ಸಾಕು. ಜಾಲರಿ ಚೊಕ್ಕ ಇದ್ದೂ ನೀರು ಕಡಿಮೆಯಾದರೆ ಟಾಂಕಿಯ ಎತ್ತರ ನೋಡಿ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಕಿಲೋ ಒತ್ತಡ ಎಂಬ ಲೆಕ್ಕ ನೀರಾವರಿ ಮಾಡುವ ಎಲ್ಲರಿಗೂ ಗೊತ್ತು. ನಮ್ಮ ಮೆಷಿನಿಗೆ ಕನಿಷ್ಠ ಅರ್ಧ ಕಿಲೋ ಬೇಕು, ಎಂದರೆ ಐದು ಮೀಟರ್. ಹಂಚಿನ ಮಾಡಿನ ಪಕ್ಕ ಮೂರು ಮೀಟರಿನಲ್ಲಿಟ್ಟ ಟಾಂಕಿ ಸಾಲದು. ನಾವು ಗುಡ್ಡದ ಟಾಂಕಿಯ ಲೈನಿಗೇ ಜೋಡಿಸಿದ್ದೇವೆ.

ಮದ್ದು ಬಿಟ್ಟ ಬಟ್ಟೆಯ ವಿಚಾರ ಒಂದು ಮಾತು. ಕೊಳೆರೋಗಕ್ಕೆ ಬೋರ್ಡೋ ಹೊಡೆದ ಅಂಗಿಯಲ್ಲಿ ಸುಣ್ಣ, ಮೈಲುತುತ್ತಿನ ಗಸಿ ಇರುತ್ತದೆ. ಅದನ್ನು ಹೊರಗೆ ಕೊಡವಿ, ಎರಡು ನೀರಿನಲ್ಲಿ ಜಾಲಿಸಿ, ಬೇರೆಯಾಗಿಯೇ ಹಾಕುತ್ತೇವೆ. ಕೀಟನಾಶಕ ತಾಗಿದ್ದನ್ನಂತೂ ಮಕ್ಕಳ ಬಟ್ಟೆಯ ಜೊತೆ ಹಾಕಲೇಬಾರದು. ಅಂಥದನ್ನು ಒಗೆದ ಬಳಿಕ ಒಮ್ಮೆ ಖಾಲಿ ಮೆಷಿನ್ ಓಡಿಸುವುದು ಒಳ್ಳೆಯದು. ಆ ನೀರನ್ನು ಬಾಳೆಗೆ ಬಿಡುವುದಿಲ್ಲ.

ಮುಟ್ಟಿದರೆ ಜುಂ

2019ರ ಮಾರ್ಚಿನಲ್ಲಿ ಅಮ್ಮ, "ಮೆಷಿನ್ ಮುಟ್ಟಿದರೆ ಜುಂ ಅನ್ನುತ್ತದೆ ಮಗಾ" ಎಂದರು. ವಯಸ್ಸಾದವರ ಕೈಜೋಮು ಇರಬಹುದೆಂದು ನಾನು ಎರಡು ದಿನ ಅಲಕ್ಷ್ಯ ಮಾಡಿದೆ. ಈಗಲೂ ನೆನೆದರೆ ಎದೆ ಧಸಕ್ಕೆನ್ನುತ್ತದೆ. ಪರಿಚಯದ ವಯರ್‌ಮನ್ ಬಂದು ಪರೀಕ್ಷಿಸಿದರೆ ಅರ್ತ್ ಇದ್ದೂ ಇಲ್ಲದ ಹಾಗೆ. ಮುರಕಲ್ಲಿನ ನೆಲ, ಬೇಸಗೆಯಲ್ಲಿ ಒಣಗಿ ಬಿರುಕುಬಿಟ್ಟಿತ್ತು, ತಂತಿಯ ಗಂಟಿಗೆ ಕಿಲುಬು. ಹೊಸ ಗುಂಡಿ ತೋಡಿ ಹೊಸ ಪೈಪು ಹೂತು, 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿದೆವು. ಬೇಸಗೆಯಲ್ಲಿ ವಾರಕ್ಕೊಮ್ಮೆ ಗುಂಡಿಗೆ ಒಂದು ಕೊಡ ನೀರು. ಬರಿಗಾಲಿನಲ್ಲಿ, ಒದ್ದೆ ನೆಲದಲ್ಲಿ ನಿಂತು ಮುಟ್ಟುವ ಯಂತ್ರವಿದು. ಜುಂ ಎಂದರೆ ಅದೇ ಕ್ಷಣ ಬಂದ್ ಮಾಡಿ ವಯರ್‌ಮನ್‌ನನ್ನು ಕರೆಸಿ. ಈ ಪರೀಕ್ಷೆಗೆ ಮಾತ್ರ ನೀವೇ ಬಲ್ಬ್ ಹಿಡಿದು ಹೊರಡಬೇಡಿ.

ಬಾಗಿಲಿನ ಸುತ್ತಲಿನ ರಬ್ಬರಿನ ಮಡಿಕೆಯಲ್ಲಿ ನೀರು ನಿಂತು ಮಳೆಗಾಲದಲ್ಲಿ ಕಪ್ಪು ಬೂಸು ಹಿಡಿಯುತ್ತದೆ. ಕೊನೆಯ ಬಟ್ಟೆ ತೆಗೆದ ಕೂಡಲೇ ಮಡಿಕೆ ಬಿಡಿಸಿ ಒರಸಿ, ಬಾಗಿಲು ತೆರೆದಿಡುವುದೇ ಇದಕ್ಕೆ ಮದ್ದು. ತೆರೆದಿಟ್ಟರೆ ನಮ್ಮ ಬೆಕ್ಕು ಒಳಗೆ ಹೋಗಿ ಮಲಗುತ್ತದೆ. ಬಾಗಿಲು ಹಾಕುವ ಮೊದಲು ಕೈಯಾಡಿಸಿ ನೋಡುವುದು ಮನೆಯಲ್ಲಿ ಎಲ್ಲರಿಗೂ ರೂಢಿಯಾಗಿದೆ. ಪುಡಿಯನ್ನು ಪ್ಯಾಕೆಟ್ಟಿನಲ್ಲಿ ಹೇಳಿದ್ದರ ಅರ್ಧ ಹಾಕುತ್ತೇವೆ. ನಮ್ಮ ಬಾವಿಯ ನೀರು ಮೃದು, ಅಷ್ಟೇ ಸಾಕು. ಕೈಯಲ್ಲಿ ಒಗೆಯುವ ಪುಡಿ ಹಾಕಿದರೆ ನೊರೆ ಹೆಚ್ಚಾಗಿ ಹಿಂಡುವುದು ನಿಲ್ಲುತ್ತದೆ. ಗಡಸು ನೀರಿನ ಬೋರ್‌ವೆಲ್ ಇರುವ ಬಯಲುಸೀಮೆಯ ನೆಂಟರು ಮೂರು ತಿಂಗಳಿಗೊಮ್ಮೆ 100 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ, ಬಟ್ಟೆಯಿಲ್ಲದೆ 60 ಡಿಗ್ರಿಯಲ್ಲಿ ಓಡಿಸುತ್ತಾರೆ. ಅದರ ಜೊತೆ ಬ್ಲೀಚಿಂಗ್ ಮಾತ್ರ ಸೇರಿಸಬಾರದು, ವಿಷಗಾಳಿ ಏಳುತ್ತದೆ.

ಹಿಂಡುವಾಗ ಮೆಷಿನ್ ಕುಣಿದರೆ ಕಾಲು ಸಮ ಇದೆಯೇ, ಒಂದೇ ದಪ್ಪ ಕಂಬಳಿ ಹಾಕಿದ್ದೀರಾ ನೋಡಿ. ಎರಡು ಟವೆಲ್ ಜೊತೆಗೆ ಹಾಕಿದರೆ ತೂಕ ಹಂಚಿಹೋಗುತ್ತದೆ. ಇಲಿ ಅಡಿಯಿಂದ ನುಗ್ಗಿ ಪೈಪು ಕಡಿದದ್ದು ನಮ್ಮಲ್ಲಿ ಒಮ್ಮೆ ಆಗಿದೆ. ಅನಂತರ ಸುತ್ತ ಕಬ್ಬಿಣದ ಬಲೆ ಕಟ್ಟಿದ್ದೇನೆ, ಗಾಳಿಗೆ ಅಡ್ಡಿಯಿಲ್ಲ.

ಇಷ್ಟು ವರ್ಷದಲ್ಲಿ ಹಣ ಕೊಟ್ಟು ಬದಲಿಸಿದ್ದು ಹೊರಬಿಡುವ ಪೈಪು ಒಂದು, ನೀರಿನ ವಾಲ್ವ್ ಒಂದು. ಬೋರ್ಡು ಹಳೆಯದೇ ಇದೆ. ಈಗ ಕೆಲವು ತಿಂಗಳಿಂದ ಹಿಂಡುವಾಗ ಗಿರಣಿಯ ಹಾಗೆ ಸದ್ದು. ಖಾಲಿ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿದರೂ ಗರಗರ ಕೇಳುತ್ತದೆ. ಇದು ಬೇರಿಂಗ್. ನಮ್ಮ ಮೆಷಿನಿನ ಟಬ್ಬು ಅಂಟಿಸಿ ಮುಚ್ಚಿದ್ದಾದ್ದರಿಂದ ಇಡೀ ಟಬ್ಬೇ ಬದಲಿಸಬೇಕಂತೆ, ಕತ್ತರಿಸಿ ಬೇರಿಂಗ್ ಹಾಕಿ ಪುನಃ ಬೋಲ್ಟ್ ಬಿಗಿಯುವವರೂ ಇದ್ದಾರಂತೆ. ಹೀಗೆ ಮಾಡಿಸಿದವರು ಯಾರಾದರೂ ಇದ್ದರೆ ಅನುಭವ ಬರೆಯಿರಿ. ಮಳೆ ಹಿಡಿಯುವ ಮೊದಲು ನಾನೂ ಒಂದು ತೀರ್ಮಾನಕ್ಕೆ ಬರಬೇಕು.