ಪೇಟೆ ಮುಚ್ಚಿದ ಮೇಲೂ ಮುಚ್ಚದ ಕಣ್ಣು

ಆರೋಗ್ಯ ಪ್ರಶ್ನೋತ್ತರ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಈಚೆಗೆ ಷೇರುಪೇಟೆಯ ಮಾತು ಹೆಚ್ಚಾಗಿದೆ. ನಿದ್ರೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಮನೆಯವರ ಮೇಲೆ ರೇಗುತ್ತೇನೆ ಎಂದು ಶುರುವಾಗುವ ಪತ್ರ ಎರಡನೇ ಪುಟದ ಹೊತ್ತಿಗೆ ಆಪ್ಷನ್ಸ್, ಎಕ್ಸ್‌ಪೈರಿ, ಸ್ಟಾಪ್ ಲಾಸ್‌ಗೆ ಬಂದು ನಿಲ್ಲುತ್ತದೆ. ಅಂಥ ಐದು ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಯಾವ ಷೇರು ಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ಹೇಳುವುದು ವೈದ್ಯನ ಕೆಲಸವಲ್ಲ. ಕೊಂಡವರ, ಮಾರಿದವರ ದೇಹಕ್ಕೆ ಏನಾಗುತ್ತದೆ ಎಂದು ಹೇಳುವುದು ಮಾತ್ರ ನನ್ನ ಕೆಲಸ.

ಪ್ರಶ್ನೆ: ನನಗೆ 34 ವರ್ಷ. ಕೆಲಸ ಬಿಟ್ಟು ಪೂರ್ತಿಯಾಗಿ ಟ್ರೇಡಿಂಗ್‌ಗೆ ಇಳಿದಿದ್ದೇನೆ. ಬೆಳಿಗ್ಗೆ ಆರೂವರೆಗೆ ಕಣ್ಣು ಬಿಟ್ಟ ಕೂಡಲೇ, ನಮ್ಮ ಪೇಟೆ ಹೇಗೆ ತೆರೆಯಬಹುದೆಂಬ ಸುಳಿವು ಕೊಡುವ ಗಿಫ್ಟ್ ನಿಫ್ಟಿ ನೋಡುತ್ತೇನೆ. ತಿಂಡಿ ಗಂಟಲಲ್ಲಿ ಇಳಿಯುವುದಿಲ್ಲ. ಮಧ್ಯಾಹ್ನ ಮೂರೂವರೆವರೆಗೂ ಚಹಾ, ಸಿಗರೇಟು ಅಷ್ಟೇ. ರಾತ್ರಿ ಅಮೆರಿಕದ ಪೇಟೆ ನೋಡಿ ಮಲಗುವಾಗ ಒಂದೂವರೆ. ಎದೆ ಡವಡವ ಎನ್ನುತ್ತದೆ. ಬಿ.ಪಿ. ನೋಡಿಸಿದರೆ 146/94 ಬಂತು. ಲಾಭ ಬಂದ ದಿನವೂ ಹೀಗೇ ಆಗುವುದು ಏಕೆ ಡಾಕ್ಟರೇ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಲ್ಲೇ ವಿಷಯದ ತಿರುಳಿದೆ. ಹಿಂದೆ ತಾವೇ ವಾಲ್ ಸ್ಟ್ರೀಟ್‌ನಲ್ಲಿ ಟ್ರೇಡರ್ ಆಗಿದ್ದು, ಆಮೇಲೆ ಕೇಂಬ್ರಿಜ್‌ನಲ್ಲಿ ಸಂಶೋಧಕರಾದ ಜಾನ್ ಕೋಟ್ಸ್ ಮತ್ತು ಅವರ ಸಹೋದ್ಯೋಗಿ ಲಂಡನ್ನಿನ 17 ಟ್ರೇಡರ್‌ಗಳ ಎಂಜಲನ್ನು ದಿನಕ್ಕೆ ಎರಡು ಸಲ ತೆಗೆದು ಪರೀಕ್ಷಿಸಿದರು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿದ್ದು ಎಷ್ಟು ಹಣ ಹೋಯಿತು ಎಂಬುದಕ್ಕೆ ತಕ್ಕಂತೆ ಅಲ್ಲ. ಫಲಿತಾಂಶ ಎಷ್ಟು ಏರುಪೇರಾಯಿತು, ಪೇಟೆ ಎಷ್ಟು ಅನಿಶ್ಚಿತವಾಗಿತ್ತು ಎಂಬುದಕ್ಕೆ ತಕ್ಕಂತೆ. 2008ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದೇ ಆದರೂ ನಿಮ್ಮ ಅನುಭವಕ್ಕೆ ಹೊಂದುತ್ತದೆ. ಮುಂದೇನಾಗುತ್ತದೋ ಎಂದು ಕಾಯುವುದೇ ದೇಹಕ್ಕೆ ಹೊರೆ. ಕೊನೆಗೆ ಲಾಭ ಬಂದರೂ ಕಾದ ಆರು ಗಂಟೆಯ ಹೊರೆ ಇಳಿದಿರುವುದಿಲ್ಲ.

ನಿಮ್ಮ ವಿಷಯದಲ್ಲಿ ಅದು ಆರು ಗಂಟೆಯೂ ಅಲ್ಲ. ನಮ್ಮ ಷೇರುಪೇಟೆ ನಡೆಯುವುದು 9.15ರಿಂದ 3.30ರವರೆಗೆ. ನೀವು ಬೆಳಿಗ್ಗೆ ಆರೂವರೆಯಿಂದ ರಾತ್ರಿ ಒಂದೂವರೆವರೆಗೆ, ಎಂದರೆ 19 ಗಂಟೆ, ಪೇಟೆಯಲ್ಲೇ ಇದ್ದೀರಿ. ಉಳಿಯುವುದು ಐದು ಗಂಟೆಯ ನಿದ್ರೆ. ಬೆಳೆದವರಿಗೆ ಏಳು ಗಂಟೆಯಾದರೂ ಬೇಕು. ನಿದ್ರೆಗೆಟ್ಟವರಿಗೆ ದುಡುಕು ಹೆಚ್ಚು, ತಾಳ್ಮೆ ಕಡಿಮೆ. ಟ್ರೇಡಿಂಗ್‌ಗೆ ಬೇಡವಾದ ಗುಣಗಳು ಇವೇ ಎರಡು.

ಒಂದು ಸಲ ನೋಡಿದ ಬಿ.ಪಿ.ಯಿಂದ ರಕ್ತದೊತ್ತಡದ ಕಾಯಿಲೆ ಇದೆ ಎನ್ನಲಾಗದು. ಒಂದು ವಾರ ಬೆಳಿಗ್ಗೆ, ಸಂಜೆ ಎರಡೆರಡು ಸಲ, ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ನೋಡಿ ಬರೆದಿಡಿ. ಅಳೆಯುವ ಮುಂಚಿನ ಅರ್ಧ ಗಂಟೆ ಚಹಾ, ಸಿಗರೇಟು ಬೇಡ. ಮನೆಯಲ್ಲಿ ನೋಡಿದ ಸರಾಸರಿ 135/85 ದಾಟಿದರೆ ವೈದ್ಯರಲ್ಲಿಗೆ ಹೋಗಿ. ಇಸಿಜಿ, ಥೈರಾಯ್ಡ್, ಸಕ್ಕರೆ, ಕೊಬ್ಬಿನ ಪರೀಕ್ಷೆಯೂ ಆಗಲಿ. ಎದೆ ಹಿಂಡಿದಂತಾಗುವುದು, ನೋವು ಎಡಗೈಗೋ ದವಡೆಗೋ ಹರಡುವುದು, ತಣ್ಣನೆ ಬೆವರು ಇವುಗಳಲ್ಲಿ ಯಾವುದಾದರೂ ಕಂಡರೆ ಟೆನ್ಷನ್ ಇರಬೇಕು ಎಂದು ಕೂರಬೇಡಿ, ಕೂಡಲೇ ಆಸ್ಪತ್ರೆ ಸೇರಿ.

ದಿನಚರಿ ಹೀಗಿರಲಿ. ಎದ್ದ ಮೊದಲ ಒಂದು ಗಂಟೆ ಮೊಬೈಲ್ ಮುಟ್ಟದೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. 8.30ರೊಳಗೆ ತಿಂಡಿ ಮುಗಿಯಲಿ. ಒಂದು ಗಂಟೆಗೆ ಪರದೆ ಬಿಟ್ಟೆದ್ದು, ಬೇರೆ ಕೋಣೆಯಲ್ಲಿ ಕುಳಿತು ಊಟ ಮಾಡಿ. ಚಹಾ, ಕಾಫಿ ಮಧ್ಯಾಹ್ನ ಎರಡರ ನಂತರ ಬೇಡ, ಏಕೆಂದರೆ ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ಮೇಲೂ ರಕ್ತದಲ್ಲಿರುತ್ತದೆ. ಅಮೆರಿಕದ ಪೇಟೆಯಲ್ಲಿ ಏನಾಯಿತೆಂದು ಬೆಳಿಗ್ಗೆ ಎರಡು ನಿಮಿಷದಲ್ಲಿ ತಿಳಿಯಬಹುದು. ಸಿಗರೇಟು ಬಿಡಲೇಬೇಕು. ಒಬ್ಬರಿಂದಲೇ ಆಗದಿದ್ದರೆ ವೈದ್ಯರ ನೆರವು ಕೇಳಿ.

ಪ್ರಶ್ನೆ: ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ, 29 ವರ್ಷ. ಮೀಟಿಂಗ್ ನಡುವೆಯೂ ಬ್ರೋಕರ್ ಆ್ಯಪ್ ತೆರೆಯುತ್ತೇನೆ. ಆಫೀಸಿನ ಟಾಯ್ಲೆಟ್‌ನಲ್ಲಿ ಫೋನ್ ಹಿಡಿದು ಕುಳಿತರೆ ಅರ್ಧ ಗಂಟೆ ಹೋಗುವುದೇ ಗೊತ್ತಾಗುವುದಿಲ್ಲ. ಈಗ ಮಲದ ಜೊತೆ ರಕ್ತ ಕಾಣುತ್ತಿದೆ. ಹೇಳಿಕೊಳ್ಳಲು ನಾಚಿಕೆ.
— ಬೆಂಗಳೂರು

ಉತ್ತರ: ನಾಚಿಕೆ ಬೇಡ. ಮೊದಲು ರಕ್ತದ ವಿಷಯ. ಕಮೋಡ್ ಮೇಲೆ ಹೆಚ್ಚು ಹೊತ್ತು ಕುಳಿತರೆ ಗುದದ್ವಾರದ ರಕ್ತನಾಳಗಳ ಮೇಲೆ ಒತ್ತಡ ಬಿದ್ದು ಮೂಲವ್ಯಾಧಿ ಬರುತ್ತದೆ, ಇದ್ದದ್ದು ಉಲ್ಬಣಿಸುತ್ತದೆ. ಆದರೆ ರಕ್ತ ಬಂದರೆ ಮೂಲವ್ಯಾಧಿಯೇ ಎಂದು ನೀವಾಗಿ ತೀರ್ಮಾನಿಸಬೇಡಿ. ಈ ವಾರವೇ ಸರ್ಜನ್ ಹತ್ತಿರ ತೋರಿಸಿ. ನೀರು, ಸೊಪ್ಪು, ತರಕಾರಿ, ಹಣ್ಣು ಹೆಚ್ಚಲಿ. ಫೋನ್ ಟೇಬಲ್ ಮೇಲೆ ಬಿಟ್ಟು ಹೋದರೆ ಐದು ನಿಮಿಷದಲ್ಲಿ ಎದ್ದು ಬರುತ್ತೀರಿ.

ಇನ್ನು ಆ್ಯಪ್. ಸಂಬಳದ ಕೆಲಸದಲ್ಲಿದ್ದುಕೊಂಡು ನಿಮಿಷ ನಿಮಿಷದ ಟ್ರೇಡಿಂಗ್ ಮಾಡುವುದೆಂದರೆ ಒಂದೇ ಹೊತ್ತಿನಲ್ಲಿ ಎರಡು ನೌಕರಿ ಮಾಡಿದಂತೆ. ಗಮನ ಎರಡಕ್ಕೂ ಸಾಲುವುದಿಲ್ಲ. ನೂರು ರೂಪಾಯಿ ಕಳೆದುಕೊಂಡ ನೋವು ನೂರು ರೂಪಾಯಿ ಗಳಿಸಿದ ಸಂತೋಷಕ್ಕಿಂತ ಹೆಚ್ಚು ತಾಗುತ್ತದೆ. ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್‌ಸ್ಕಿ 1979ರಲ್ಲೇ ಇದನ್ನು ವಿವರಿಸಿದ್ದಾರೆ. ವರ್ಷಕ್ಕೊಮ್ಮೆ ನೋಡುವವರಿಗೆ ಒಳ್ಳೆಯ ಹೂಡಿಕೆ ಹಲವು ವರ್ಷ ಲಾಭದಲ್ಲೇ ಕಾಣುತ್ತದೆ. ಅದನ್ನೇ ಹತ್ತು ನಿಮಿಷಕ್ಕೊಮ್ಮೆ ನೋಡಿದರೆ ಸುಮಾರು ಅರ್ಧದಷ್ಟು ಸಲ ನಷ್ಟವೇ ಕಾಣುತ್ತದೆ. ಹಣ ಅಷ್ಟೇ, ಷೇರೂ ಅದೇ, ನೋವು ಮಾತ್ರ ನೂರು ಪಾಲು.

ಹೆಚ್ಚು ಕೈಯಾಡಿಸಿದರೆ ಹೆಚ್ಚು ಲಾಭ ಎಂಬುದೂ ನಿಜವಲ್ಲ. ಬಾರ್ಬರ್ ಮತ್ತು ಓಡಿಯನ್ ಎಂಬ ಅರ್ಥಶಾಸ್ತ್ರಜ್ಞರು 1991ರಿಂದ 1996ರವರೆಗೆ ಅಮೆರಿಕದ 66,000ಕ್ಕೂ ಹೆಚ್ಚು ಕುಟುಂಬಗಳ ಷೇರು ಖಾತೆಗಳನ್ನು ನೋಡಿದರು. ಅತಿ ಹೆಚ್ಚು ಕೊಂಡು ಮಾರಿದವರಿಗೆ ವರ್ಷಕ್ಕೆ ದಕ್ಕಿದ್ದು 11.4%. ಅದೇ ಅವಧಿಯಲ್ಲಿ ಪೇಟೆ ಕೊಟ್ಟಿದ್ದು 17.9%. ಉಳಿತಾಯಕ್ಕೆಂದೇ ನೀವು ಬಂದಿದ್ದರೆ ತಿಂಗಳಿಗೊಮ್ಮೆ ಎಸ್‌ಐಪಿ ಹೋಗಲಿ, ಕೊಳ್ಳುವ, ಮಾರುವ ಬೆಲೆಯನ್ನು ಮೊದಲೇ ಗೊತ್ತುಮಾಡಿ ಜಿಟಿಟಿ ಆರ್ಡರ್ (ಆ ಬೆಲೆ ಬಂದಾಗ ತಾನಾಗಿ ಪೇಟೆಗೆ ಹೋಗುವ ಆರ್ಡರ್) ಹಾಕಿ ಬಿಡಿ, ಬೆಲೆಯ ನೋಟಿಫಿಕೇಷನ್ ಎಲ್ಲ ಆಫ್ ಮಾಡಿ. ಖಾತೆ ನೋಡುವುದು ವಾರಕ್ಕೊಂದು ಸಲ, ಶನಿವಾರ. ಅಂದು ಪೇಟೆಗೆ ರಜೆ. ನೋಡಿದ ತಕ್ಷಣ ಏನಾದರೂ ಮಾಡಿಬಿಡೋಣ ಎಂಬ ತುರಿಕೆಗೆ ಅವಕಾಶವಿರುವುದಿಲ್ಲ.

ಪ್ರಶ್ನೆ: ನಿವೃತ್ತ ಉಪನ್ಯಾಸಕ, 67 ವರ್ಷ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದೇನೆ. ನಿವೃತ್ತಿಯಾದಾಗ ಬಂದ ಹಣದ ಬಹುಪಾಲು ಷೇರಿನಲ್ಲಿದೆ. ಸೂಚ್ಯಂಕ ಬಿದ್ದ ದಿನ ಕೈ ನಡುಗುತ್ತದೆ, ಮೈ ಬೆವರುತ್ತದೆ. ಪೇಟೆ ಮುಗಿಯಲಿ ಎಂದು ಊಟ ಮೂರೂವರೆಗೆ ಮಾಡುತ್ತೇನೆ.
— ಮೈಸೂರು

ಉತ್ತರ: ಸರ್, ನಿಮ್ಮ ಪತ್ರದ ಕೊನೆಯ ಸಾಲು ನನಗೆ ಗಾಬರಿ ಹುಟ್ಟಿಸಿತು. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ ನುಂಗುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಮುಂದೂಡಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಅದರ ಲಕ್ಷಣಗಳೇ ಕೈ ನಡುಕ, ಬೆವರು, ಎದೆಬಡಿತ, ಮಂಕು. ಸೂಚ್ಯಂಕ ಬಿದ್ದದ್ದಕ್ಕೆ ಎಂದು ನೀವು ತಿಳಿದ ನಡುಕ ಸಕ್ಕರೆ ಇಳಿದದ್ದಕ್ಕೂ ಇರಬಹುದು. ಮುಂದಿನ ಸಲ ಹೀಗಾದಾಗ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷದ ನಂತರ ಮತ್ತೆ ನೋಡಿ, ಆಮೇಲೆ ಊಟ ಮಾಡಿ. ನೋಡುವ ಯಂತ್ರ ಹತ್ತಿರವಿಲ್ಲದಿದ್ದರೂ ಸಕ್ಕರೆ ನೀರು ಕುಡಿಯಿರಿ. ಹೀಗೆ ಆಗುತ್ತಿರುವುದನ್ನು ಮಾತ್ರೆ ಬರೆದ ವೈದ್ಯರಿಗೆ ತಪ್ಪದೆ ಹೇಳಿ. ಊಟ ಒಂದು ಗಂಟೆಗೆ ಆಗಲೇಬೇಕು.

ಪೇಟೆ ಬಿದ್ದರೆ ಮೈಗೆ ಏನೂ ಆಗದು ಎಂದಲ್ಲ. ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳ ಸುಮಾರು ಮೂರು ದಶಕದ ದಾಖಲೆಗಳನ್ನು ಎಂಗಲ್‌ಬರ್ಗ್ ಮತ್ತು ಪಾರ್ಸನ್ಸ್ ಎಂಬ ಸಂಶೋಧಕರು ಪೇಟೆಯ ಏರಿಳಿತದ ಜೊತೆ ಹೋಲಿಸಿದರು. ಪೇಟೆ ಜೋರಾಗಿ ಕುಸಿದ ದಿನವೇ ಆಸ್ಪತ್ರೆ ಸೇರುವವರು ಹೆಚ್ಚಿದ್ದರು. ಅದರಲ್ಲೂ ಆತಂಕ, ಪ್ಯಾನಿಕ್, ಖಿನ್ನತೆಯವರು. ಒತ್ತಡದ ಹಾರ್ಮೋನುಗಳು ಸಕ್ಕರೆಯನ್ನೂ ಬಿ.ಪಿ.ಯನ್ನೂ ಏರಿಸುತ್ತವೆ.

ವೈದ್ಯನಾಗಿ ನಾನು ಹೇಳಬಲ್ಲದ್ದು ಇಷ್ಟು: ಮುಂದಿನ ಐದು ವರ್ಷದ ಮನೆಖರ್ಚು, ಔಷಧಿ, ಆಸ್ಪತ್ರೆಗೆ ಬೇಕಾದ ಹಣ ದಿನವೂ ಏರಿಳಿಯುವ ಜಾಗದಲ್ಲಿದ್ದರೆ ನಿಮಗೆ ನಿದ್ರೆ ಬರುವುದಿಲ್ಲ, ಬರಬೇಕೆಂದು ನಿರೀಕ್ಷಿಸುವುದೂ ತಪ್ಪು. ಎಷ್ಟು ಹಣ ಎಲ್ಲಿರಬೇಕು ಎಂಬುದನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿತರಾದ ಸಲಹೆಗಾರರ ಜೊತೆ, ಮನೆಯವರನ್ನೂ ಕೂರಿಸಿಕೊಂಡು ನಿರ್ಧರಿಸಿ. ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳ ಟಿಪ್ಸ್ ನಂಬಬೇಡಿ. ಟಿ.ವಿ.ಯ ಬಿಸಿನೆಸ್ ಚಾನೆಲ್ ಇಡೀ ದಿನ ಓಡುವುದು ನಿಲ್ಲಲಿ.

ಪ್ರಶ್ನೆ: ಗೃಹಿಣಿ, 38 ವರ್ಷ. ಎರಡು ವರ್ಷದಿಂದ ಟ್ರೇಡಿಂಗ್ ಮಾಡುತ್ತಿದ್ದೇನೆ, ಸ್ವಲ್ಪ ಸಂಪಾದನೆಯೂ ಇದೆ. ಕತ್ತು ನೋವು, ಕಣ್ಣುರಿ. ಅದಕ್ಕಿಂತ ಹೆಚ್ಚಾಗಿ, "ಅಮ್ಮ ಫೋನ್ ನೋಡ್ಕೊಂಡೇ ಹೂಂ ಅಂತಾಳೆ" ಎಂದು ಮಗಳು ಅಜ್ಜಿಗೆ ಹೇಳಿದ್ದು ಮನಸ್ಸಿಗೆ ಚುಚ್ಚಿದೆ.
— ಮಂಗಳೂರು

ಉತ್ತರ: ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ, ಬೆನ್ನಿಗೆ ಆಸರೆಯಿರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ, ರೆಪ್ಪೆ ಮಿಟುಕಿಸಿ. ಗಂಟೆಗೊಮ್ಮೆ ಎದ್ದು ಓಡಾಡಿ. ತಿಂಗಳಲ್ಲಿ ನೋವು ಇಳಿಯದಿದ್ದರೆ, ಕೈ ಜುಮುಗುಟ್ಟಿದರೆ ವೈದ್ಯರಿಗೆ ತೋರಿಸಿ.

ನಿಮ್ಮ ಸಂಪಾದನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮನೆಯಲ್ಲೇ ಕುಳಿತು ಮಾಡುವ ಕೆಲಸಕ್ಕೂ ಬಾಗಿಲು ಹಾಕುವ ಹೊತ್ತು ಬೇಕು. ಮೂರೂವರೆಗೆ ಪೇಟೆ ಮುಚ್ಚುತ್ತದೆ. ಮುಂದಿನ ಕಾಲು ಗಂಟೆ ಒಂದು ನೋಟ್ ಪುಸ್ತಕ ತೆಗೆದು ಏನು ಕೊಂಡೆ, ಏಕೆ ಕೊಂಡೆ, ಏನಾಯಿತು, ನಾಳೆ ಏನು ಎಂದು ಬರೆಯಿರಿ. ಕಾಗದಕ್ಕೆ ಇಳಿದ ಲೆಕ್ಕ ತಲೆಯಲ್ಲಿ ಸುತ್ತುವುದು ಕಡಿಮೆಯಾಗುತ್ತದೆ. ಮಗಳು ಶಾಲೆಯಿಂದ ಬರುವ ಮುಂಚೆ ಪುಸ್ತಕ ಮುಚ್ಚಿ, ಟ್ರೇಡಿಂಗ್ ಆ್ಯಪ್‌ನಿಂದ ಲಾಗೌಟ್ ಆಗಿ. ಕಮಾಡಿಟಿ ಪೇಟೆ ರಾತ್ರಿ ಹನ್ನೊಂದೂವರೆವರೆಗೂ ತೆರೆದಿರುತ್ತದೆ. ಅದರ ತಂಟೆಗೆ ಹೋಗಬೇಡಿ. ಸಂಜೆ ಒಂದು ಗಂಟೆ ಫೋನಿಲ್ಲದೆ ಮಗಳ ಮಾತು ಕೇಳಿ. ಈ ಬದಲಾವಣೆಯನ್ನು ಅವಳೇ ಅಜ್ಜಿಗೆ ಹೇಳುತ್ತಾಳೆ.

ಪ್ರಶ್ನೆ: ನಮ್ಮ ಯಜಮಾನರು ಆಪ್ಷನ್ಸ್‌ನಲ್ಲಿ 14 ಲಕ್ಷ ಕಳೆದಿದ್ದಾರೆ. ನನ್ನ ಒಡವೆ ಅಡವಿಟ್ಟಿದ್ದು, ಆ್ಯಪ್‌ಗಳಲ್ಲಿ ಸಾಲ ಮಾಡಿದ್ದು ಈಗ ಗೊತ್ತಾಯಿತು. ಬಿಡುತ್ತೇನೆ ಎಂದು ಆಣೆ ಮಾಡುತ್ತಾರೆ, ಮತ್ತೆ ಹೋಗಿದ್ದನ್ನು ವಾಪಸ್ ತರುತ್ತೇನೆ ಎನ್ನುತ್ತಾರೆ. ಮೊನ್ನೆ "ನಾನಿಲ್ಲದಿದ್ದರೇ ನಿಮಗೆ ಒಳ್ಳೆಯದು" ಎಂದರು.
— ತುಮಕೂರು

ಉತ್ತರ: ಅವರ ಕೊನೆಯ ಮಾತಿಗೆ ಇಂದೇ ಕಿವಿಗೊಡಿ. "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಕೇಳಿದರೆ ಮನಸ್ಸು ಹಗುರಾಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ತೆಗೆದಿಡಿ, ಅಂದೇ ಜಿಲ್ಲಾಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ನೀವೂ ಕರೆ ಮಾಡಬಹುದು, ಅವರೂ ಮಾಡಬಹುದು.

ಕಳೆದುಕೊಂಡದ್ದನ್ನು ಹಿಂಪಡೆಯಲು ಇನ್ನೂ ಹೆಚ್ಚು ಹಾಕುವುದು, ಮುಚ್ಚಿಡುವುದು, ಸುಳ್ಳು ಹೇಳುವುದು, ಬಿಡಲು ಹೋಗಿ ಸೋಲುವುದು, ನಿಲ್ಲಿಸಿದರೆ ಚಡಪಡಿಸುವುದು ಇವು ಜೂಜಿನ ವ್ಯಸನದ ಲಕ್ಷಣಗಳು. ಜೂಜಿನ ವ್ಯಸನವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಎಂದೇ ಪಟ್ಟಿ ಮಾಡಿದೆ. ಟ್ರೇಡಿಂಗ್ ಮಾಡುವವರೆಲ್ಲ ವ್ಯಸನಿಗಳಲ್ಲ. ಆದರೆ ಈ ಲಕ್ಷಣಗಳಿದ್ದವರಿಗೆ ಆಣೆ ಪ್ರಮಾಣ ಸಾಲದು, ಚಿಕಿತ್ಸೆ ಬೇಕು. ಆಪ್ತಸಲಹೆ, ಆಲೋಚನೆಯ ಧಾಟಿ ಬದಲಿಸುವ ಮನೋಚಿಕಿತ್ಸೆ, ಖಿನ್ನತೆಯಿದ್ದರೆ ಔಷಧಿ ಇವುಗಳಿಂದ ಗುಣ ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ.

ದಡ್ಡತನದಿಂದ ಕಳೆದರು ಎಂದು ಚುಚ್ಚಬೇಡಿ. ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೆ ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ 93% ಮಂದಿ ನಷ್ಟಕ್ಕೆ ಒಳಗಾದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು. ಸತತ ನಷ್ಟವಾದರೂ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಬಿಡಲಿಲ್ಲ. ನಿಮ್ಮ ಯಜಮಾನರು ಇವರಲ್ಲಿ ಒಬ್ಬರು. ಬೈಗುಳದಿಂದ ಅವರು ಮತ್ತಷ್ಟು ಮುಚ್ಚಿಡುತ್ತಾರೆ ಅಷ್ಟೇ.

ಹಾಗೆಂದು ಸಾಲವನ್ನೆಲ್ಲ ನೀವೇ ಗುಟ್ಟಾಗಿ ತೀರಿಸಬೇಡಿ, ಹಾಗೆ ಮಾಡಿದರೆ ಮತ್ತೆ ಆಡಲು ದಾರಿಯಾಗುತ್ತದೆ. ನಂಬಿಕೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು ಸಾಲದ ಪಟ್ಟಿ ಪೂರ್ತಿ ಬರೆಯಿರಿ. ಯಜಮಾನರ ಒಪ್ಪಿಗೆಯಿಂದಲೇ ಬ್ರೋಕರ್ ಖಾತೆಯಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಸೌಲಭ್ಯ ನಿಲ್ಲಿಸಿ, ಸಂಬಳದ ಖಾತೆಯ ಲೆಕ್ಕ ಸ್ವಲ್ಪ ಕಾಲ ನಿಮ್ಮ ಕೈಯಲ್ಲಿರಲಿ. ನಿಮಗೂ ನಿದ್ರೆ, ಊಟ ತಪ್ಪಿರಬಹುದು. ವೈದ್ಯರಲ್ಲಿಗೆ ಹೋದಾಗ ನಿಮ್ಮ ಕಷ್ಟವನ್ನೂ ಹೇಳಿಕೊಳ್ಳಿ.

ಓದುಗರಲ್ಲಿ ಒಂದು ಮನವಿ. ಪೇಟೆಯಲ್ಲಿ ಎಷ್ಟು ಹಣ ಹಾಕಬೇಕೆಂದು ಲೆಕ್ಕ ಹಾಕುವಾಗ ಎಷ್ಟು ಹೊತ್ತು ಹಾಕಬೇಕೆಂದೂ ಲೆಕ್ಕ ಹಾಕಿ, ಅದನ್ನು ಮನೆಯವರಿಗೆ ಹೇಳಿಡಿ. ಊಟ, ನಿದ್ರೆ, ಮಕ್ಕಳ ಮಾತು ತಪ್ಪುವಷ್ಟು ಹೊತ್ತು ಬೇಡುವ ಹೂಡಿಕೆ, ಲಾಭ ಎಷ್ಟೇ ಇರಲಿ, ನಿಮ್ಮ ಆರೋಗ್ಯಕ್ಕೆ ಹೊಂದುವುದಲ್ಲ. ಅದನ್ನು ಕಡಿಮೆ ಮಾಡಿ.